ಪ್ಯಾಕ್ಡ್ ಸ್ಟ್ರಕ್ಟ್ ಹಾಕಿದ ಮೇಲೆ ಬೋರ್ಡ್ ನಿಂತುಹೋಗುತ್ತಿದೆಯಾ? ಹುಡುಕುವುದು, ಸರಿಮಾಡುವುದು ಹೀಗೆ

ಆರ್ಡುಯಿನೋ ಊನೋದಲ್ಲಿ ಚೆನ್ನಾಗಿ ಓಡುತ್ತಿದ್ದ ಕೋಡು ರಾಸ್ಪ್‌ಬೆರಿ ಪೈ ಪಿಕೋಗೆ ಹಾಕಿದ ಕೂಡಲೇ ಸತ್ತುಹೋಗುತ್ತದೆ. ಇಲ್ಲವೇ ಲ್ಯಾಪ್‌ಟಾಪಿನಲ್ಲಿ ಸರಿ ಬರುತ್ತದೆ, ತೋಟಕ್ಕೆ ಒಯ್ದು ಕಂಬಕ್ಕೆ ಕಟ್ಟಿದ ಮೇಲೆ ಕೈಕೊಡುತ್ತದೆ. ಮಳೆಮಾಪಕ ಇರಲಿ, ಹೊಳೆಯ ನೀರಿನ ಮಟ್ಟ ನೋಡುವ ಪೆಟ್ಟಿಗೆ ಇರಲಿ, ಗೋಣಿಕೊಪ್ಪದಿಂದ ಸೋಮವಾರಪೇಟೆಯವರೆಗೆ ಇಂಥದ್ದನ್ನು ಕಟ್ಟುವವರು ಕೇಳುವುದು ಇದನ್ನೇ. ಕೋಡು ತೆಗೆದು ನೋಡಿದರೆ ಹೆಚ್ಚಿನ ಸಲ ಒಂದೇ ಕಥೆ. ಸ್ಟ್ರಕ್ಟ್ (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಸಿ ಭಾಷೆಯ ಕಟ್ಟು) ಮೇಲೆ ಪ್ಯಾಕ್ಡ್ (ನಡುವೆ ಖಾಲಿ ಬೈಟು ಬೇಡ ಎಂಬ ಸೂಚನೆ) ಅಂತ ಹಾಕಿದ್ದಾರೆ, ಆಮೇಲೆ ಅದರೊಳಗಿನ ಒಂದು ಮೆಂಬರಿನ, ಅಂದರೆ ಒಂದು ಬೆಲೆಯ, ಅಡ್ರೆಸ್ ತೆಗೆದು ಬೇರೆ ಫಂಕ್ಷನ್ನಿಗೆ ಕೊಟ್ಟಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ. ತಪ್ಪು ಪ್ಯಾಕ್ಡ್‌ನದ್ದಲ್ಲ, ಅದರೊಳಗಿಂದ ಹೊರಗೆ ಬಂದ ಪಾಯಿಂಟರಿನದ್ದು, ಅಂದರೆ ಹಾಗೆ ತೆಗೆದುಕೊಟ್ಟ ಅಡ್ರೆಸಿನದ್ದು. ಈ ವ್ಯತ್ಯಾಸ ಗೊತ್ತಿಲ್ಲದೆ ಪ್ಯಾಕ್ಡ್ ತೆಗೆದುಬಿಟ್ಟರೆ ಬೋರ್ಡ್ ಓಡುತ್ತದೆ, ಆದರೆ ಬೋರ್ಡ್ ಕಳಿಸಿದ್ದನ್ನು ಪಡೆಯುವ ಗೇಟ್‌ವೇಯಲ್ಲಿ ಲೆಕ್ಕ ತಪ್ಪುತ್ತದೆ. ಮತ್ತೆ ಹಾಕಿದರೆ ಬೋರ್ಡ್ ಸಾಯುತ್ತದೆ. ಹೀಗೆ ಹಾಕಿ ತೆಗೆದು ಮಾಡುತ್ತಾ ವಾರಗಟ್ಟಲೆ ಕಳೆಯುವವರಿದ್ದಾರೆ.

ಕೋಡನ್ನು ಇಲ್ಲಿ ಮಾತಿನಲ್ಲೇ ಹೇಳುತ್ತೇನೆ. ಕಾಪಿ ಮಾಡಿ ಅಂಟಿಸುವುದಕ್ಕಿಂತ ನೀವೇ ಟೈಪ್ ಮಾಡಿದರೆ ಒಳ್ಳೆಯದು.

## ಶುರು ಮಾಡುವ ಮೊದಲು ಬೇಕಾದದ್ದು

ಜಿಸಿಸಿ ಕಂಪೈಲರ್ 9 ಅಥವಾ ಅದಕ್ಕಿಂತ ಹೊಸದು ಬೇಕು. ಲ್ಯಾಪ್‌ಟಾಪಿಗೊಂದು, ಬೋರ್ಡಿಗೊಂದು. ದೋಷ ಹುಡುಕುವ ಜಿಡಿಬಿ ಡಿಬಗ್ಗರ್ 8.1 ಅಥವಾ ಹೊಸದು ಬೇಕು. ಬೋರ್ಡಿನೊಳಗೆ ಇಣುಕಿ ನೋಡಲು ಒಂದು ಡಿಬಗ್ ಪ್ರೋಬ್. ಪಿಕೋ ಬಳಸುವವರು ಇದಕ್ಕೆ ದುಡ್ಡು ಸುರಿಯಬೇಕಾಗಿಲ್ಲ, ಇನ್ನೊಂದು ಪಿಕೋವನ್ನೇ ಪ್ರೋಬ್ ಮಾಡಿಕೊಳ್ಳಬಹುದು. ಸೀರಿಯಲ್ ಪ್ರಿಂಟ್ ಒಂದನ್ನೇ ನಂಬಿ ಕೂರಬೇಡಿ. ಈ ದೋಷದಲ್ಲಿ ಪ್ರಿಂಟ್ ಸೇರಿಸಿದ ತಕ್ಷಣ ದೋಷವೇ ಮಾಯವಾಗುವುದುಂಟು.

ಉದಾಹರಣೆಗೆ ಒಂದು ಮಳೆ ದಾಖಲೆ ಇಟ್ಟುಕೊಳ್ಳೋಣ. ನಮ್ಮ ತೋಟಗಳಲ್ಲಿ ಮಳೆ ಬರೆಯುವುದು ಇಂಚು, ಸೆಂಟ್ ಲೆಕ್ಕದಲ್ಲಿ ಅಲ್ವಾ, 1 ಇಂಚಿಗೆ 100 ಸೆಂಟ್. ಒಂದು ಸಲ ವಾಲಿದರೆ 0.01 ಇಂಚು ತೋರಿಸುವ ಬಕೆಟ್ ಮಾಪಕ ಸಿಗುತ್ತದೆ. ಅಂದರೆ ಒಂದು ವಾಲಿಗೆ ಒಂದು ಸೆಂಟ್, ದಶಾಂಶದ ತಲೆನೋವಿಲ್ಲ. ದಾಖಲೆಯಲ್ಲಿ ಮೂರು ಮೆಂಬರ್, ಈ ಕ್ರಮದಲ್ಲಿ:

- ನಿಲ್ದಾಣ: 8 ಬಿಟ್
- ಮಳೆ: 32 ಬಿಟ್, ಮಾಪಕ ಇಟ್ಟಾಗಿನಿಂದ ಬಿದ್ದ ಒಟ್ಟು ಸೆಂಟ್
- ಬ್ಯಾಟರಿ: 16 ಬಿಟ್, ಮಿಲಿವೋಲ್ಟಿನಲ್ಲಿ

ಮಳೆಗೆ 16 ಬಿಟ್ ಸಾಲದಾ ಎಂದು ಕೇಳುವವರಿಗೆ: 16 ಬಿಟ್ಟಿನಲ್ಲಿ 65,535 ಸೆಂಟ್, ಅಂದರೆ 655 ಇಂಚು ಹಿಡಿಯುತ್ತದೆ. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದು ಹೊಸದಲ್ಲ. ಮೂರು ವರ್ಷ ಆಗುತ್ತಲೇ ತುಂಬಿಹೋಗುತ್ತದೆ.

## ಹಂತ 1: ಪ್ರೊಸೆಸರ್ ಯಾವುದು ಎಂದು ನೋಡಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಒಂದೇ ಕೋಡು ಬೇರೆ ಬೇರೆ ಪ್ರೊಸೆಸರಿನಲ್ಲಿ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತದೆ.

ನಿಯಮ ಸರಳ. 4 ಬೈಟಿನ ಸಂಖ್ಯೆ 4ರಿಂದ ಭಾಗವಾಗುವ ಅಡ್ರೆಸಿನಲ್ಲಿ ಇರಬೇಕು, 2 ಬೈಟಿನದ್ದು ಸಮ ಅಡ್ರೆಸಿನಲ್ಲಿ. ಇದೇ ಅಲೈನ್‌ಮೆಂಟ್. ಇದನ್ನು ಕಾಯಲು ಕಂಪೈಲರ್ ಮೆಂಬರುಗಳ ನಡುವೆ ಖಾಲಿ ಬೈಟು ತುಂಬಿಸುತ್ತದೆ, ಅದಕ್ಕೆ ಪ್ಯಾಡಿಂಗ್ ಎನ್ನುತ್ತೇವೆ. ಪ್ಯಾಕ್ಡ್ ಎಂದರೆ ಆ ಖಾಲಿ ಜಾಗ ಬೇಡ ಎಂದು ಹೇಳಿದ ಹಾಗೆ.

ಊನೋದಲ್ಲಿರುವ (ಆರ್3ವರೆಗಿನದು, ಇಲ್ಲಿ ಊನೋ ಎಂದರೆ ಅದೇ) ಎವಿಆರ್ ಚಿಪ್ 8 ಬಿಟ್ಟಿನದ್ದು. ಒಂದು ಸಲಕ್ಕೆ ಒಂದೇ ಬೈಟ್ ಓದುತ್ತದೆ, ಹಾಗಾಗಿ ಅಲೈನ್‌ಮೆಂಟ್ ಎಂಬ ಮಾತೇ ಅಲ್ಲಿಲ್ಲ, ಪ್ಯಾಡಿಂಗೂ ಇಲ್ಲ. ನಮ್ಮ ದಾಖಲೆ ಪ್ಯಾಕ್ಡ್ ಹಾಕದಿದ್ದರೂ ಅಲ್ಲಿ 7 ಬೈಟೇ. ಊನೋದಲ್ಲಿ ಕಲಿತವರು ಮೋಸ ಹೋಗುವುದು ಇಲ್ಲಿಯೇ, ತಪ್ಪು ಮಾಡಿದರೂ ಬೋರ್ಡ್ ಹೇಳುವುದಿಲ್ಲ.

ಪಿಕೋದ ಆರ್‌ಪಿ2040, ಎಸ್‌ಟಿಎಂ32ಎಲ್0, ಎಸ್‌ಎಎಂಡಿ21, ಇವೆಲ್ಲ ಕಾರ್ಟೆಕ್ಸ್ ಎಂ0 ಪ್ಲಸ್. ಇವು ಕಟ್ಟುನಿಟ್ಟು. ತಪ್ಪು ಅಡ್ರೆಸಿನಿಂದ 2 ಅಥವಾ 4 ಬೈಟ್ ಓದಲು ಹೋದರೆ ಪ್ರೊಸೆಸರ್ ಕೆಲಸ ನಿಲ್ಲಿಸಿಬಿಡುವ ನೇರ ಹಾರ್ಡ್‌ಫಾಲ್ಟ್.

ಕಾರ್ಟೆಕ್ಸ್ ಎಂ3, ಎಂ4, ಎಂ7 ಅರ್ಧ ಸಹಿಸುತ್ತವೆ, ಅದೇ ಅಪಾಯ. ಸಾಮಾನ್ಯ ಎಲ್‌ಡಿಆರ್, ಎಸ್‌ಟಿಆರ್ ಸೂಚನೆಗಳು ತಪ್ಪು ಅಡ್ರೆಸಿನಲ್ಲೂ ನಡೆಯುತ್ತವೆ. ಆದರೆ ಎರಡು ಪದ ಒಟ್ಟಿಗೆ ಓದುವ ಎಲ್‌ಡಿಆರ್‌ಡಿ, ಹಲವು ಪದ ಓದುವ ಎಲ್‌ಡಿಎಂ ನಡೆಯುವುದಿಲ್ಲ. ಆಪ್ಟಿಮೈಸೇಶನ್ ಇಲ್ಲದಿದ್ದಾಗ ಕಂಪೈಲರ್ ಎರಡು ಎಲ್‌ಡಿಆರ್ ಬರೆಯುತ್ತದೆ, ಓ2 (ಕೋಡನ್ನು ವೇಗಗೊಳಿಸುವ ಆಪ್ಟಿಮೈಸೇಶನ್ ಮಟ್ಟ) ಹಾಕಿದರೆ ಎರಡನ್ನೂ ಸೇರಿಸಿ ಒಂದು ಎಲ್‌ಡಿಆರ್‌ಡಿ ಮಾಡಬಹುದು. ಡಿಬಗ್ ಬಿಲ್ಡ್ ಓಡುತ್ತದೆ, ರಿಲೀಸ್ ಬಿಲ್ಡ್ ಸಾಯುತ್ತದೆ. ಆಗ ಎಲ್ಲರೂ ಕಂಪೈಲರಿನಲ್ಲಿ ಬಗ್ ಇದೆ ಎನ್ನುತ್ತಾರೆ. ಇರುವುದಿಲ್ಲ.

ಇಎಸ್‌ಪಿ8266 ಆದರೆ ಸೀರಿಯಲ್ಲಿನಲ್ಲಿ ಎಕ್ಸೆಪ್ಶನ್ 9 ಎಂದು ಬರುತ್ತದೆ. ಆ ಸಂಖ್ಯೆ ಕಂಡರೆ ಬೇರೆ ಏನೂ ಹುಡುಕಬೇಡಿ. ಲ್ಯಾಪ್‌ಟಾಪಿನ ಇಂಟೆಲ್, ಎಎಂಡಿ ಪ್ರೊಸೆಸರುಗಳು ಹೆಚ್ಚಾಗಿ ಸುಮ್ನೆ ಸಹಿಸಿಕೊಳ್ಳುತ್ತವೆ. ಆದರೂ ಲೂಪುಗಳನ್ನು ಕಂಪೈಲರ್ ವೆಕ್ಟರ್ ಸೂಚನೆಗೆ ಬದಲಾಯಿಸಿದಾಗ ಅಲ್ಲೂ ಕ್ರ್ಯಾಶ್ ಆಗಬಹುದು, ಮತ್ತು ಜಿಸಿಸಿ 12ರಿಂದ ಓ2 ಮಟ್ಟದಲ್ಲೇ ಈ ಬದಲಾವಣೆ ಶುರುವಾಗಿದೆ.

## ಹಂತ 2: ಊಹೆ ಬಿಟ್ಟು ಅಳೆಯಿರಿ

ಸೈಜ್‌ಆಫ್ ಬಳಸಿ ದಾಖಲೆಯ ಗಾತ್ರ ಪ್ರಿಂಟ್ ಮಾಡಿ. ಪ್ಯಾಕ್ಡ್ ಇಲ್ಲದಿದ್ದರೆ (ಊನೋ ಬಿಟ್ಟು) 12 ಬರಬೇಕು: ನಿಲ್ದಾಣಕ್ಕೆ 1, ಪ್ಯಾಡಿಂಗ್ 3, ಮಳೆಗೆ 4, ಬ್ಯಾಟರಿಗೆ 2, ಕೊನೆಗೆ ಮತ್ತೆ ಪ್ಯಾಡಿಂಗ್ 2. ಪ್ಯಾಕ್ಡ್ ಇದ್ದರೆ 7. ಜಿಡಿಬಿಯಲ್ಲಿ ಪಿಟೈಪ್ ಆದೇಶಕ್ಕೆ ಓರೆಗೆರೆ ಮತ್ತು ಓ ಅಕ್ಷರ ಸೇರಿಸಿ ಸ್ಟ್ರಕ್ಟ್ ಹೆಸರು ಕೊಟ್ಟರೆ, ಯಾವ ಮೆಂಬರ್ ಎಷ್ಟನೇ ಬೈಟಿನಲ್ಲಿದೆ, ನಡುವೆ ಎಲ್ಲಿ ಖಾಲಿ ಇದೆ ಎಲ್ಲ ತೋರಿಸುತ್ತದೆ. ಇದನ್ನು ಎರಡೂ ಕಡೆಯ ಪ್ರೋಗ್ರಾಮಿಗೆ ಮಾಡಿ, ಕಳಿಸುವ ಬೋರ್ಡಿಗೂ, ಪಡೆಯುವ ಗೇಟ್‌ವೇಗೂ.

ಇಲ್ಲಿ ಸಿಕ್ಕಿಬೀಳುವ ತಪ್ಪುಗಳು ಮೂರು.

ಮೊದಲನೆಯದು, ಪ್ಯಾಕ್ಡ್ ಎಂಬ ಅಟ್ರಿಬ್ಯೂಟನ್ನು ತಪ್ಪು ಜಾಗದಲ್ಲಿ ಬರೆಯುವುದು. ಅದು ಸ್ಟ್ರಕ್ಟ್ ಪದದ ಬೆನ್ನಿಗೇ ಇರಬೇಕು, ಇಲ್ಲವೇ ಮುಚ್ಚುವ ಬ್ರೇಸಿನ ಬೆನ್ನಿಗೇ. ಟೈಪ್‌ಡೆಫ್ ಹೆಸರು ಬರೆದಾದ ಮೇಲೆ ಹಾಕಿದರೆ ಜಿಸಿಸಿ ಒಂದು ವಾರ್ನಿಂಗ್ ಕೊಟ್ಟು ಅದನ್ನು ಕಡೆಗಣಿಸುತ್ತದೆ. ನೀವು ಪ್ಯಾಕ್ಡ್ ಎಂದುಕೊಂಡಿರುತ್ತೀರಿ, ಅದು ಆಗಿರುವುದಿಲ್ಲ.

ಎರಡನೆಯದು, ಸ್ಟ್ರಕ್ಟ್ ಒಳಗಿನ ಸ್ಟ್ರಕ್ಟ್. ಹೊರಗಿನದಕ್ಕೆ ಪ್ಯಾಕ್ಡ್ ಅಟ್ರಿಬ್ಯೂಟ್ ಹಾಕಿದರೆ ಒಳಗಿನದರ ಪ್ಯಾಡಿಂಗ್ ಹೋಗುವುದಿಲ್ಲ. ಒಳಗಿನದಕ್ಕೂ ಬೇರೆಯಾಗಿ ಹಾಕಬೇಕು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಪ್ಯಾಕಿಂಗ್ ಶುರುಮಾಡುವ ಪ್ರಾಗ್ಮಾ ಪ್ಯಾಕ್ ಪುಶ್ ಹಾಕಿ, ಅದನ್ನು ನಿಲ್ಲಿಸುವ ಪಾಪ್ ಮರೆಯುವುದು. ಆ ಹೆಡರ್ ಆದ ಮೇಲೆ ಬರುವ ಎಲ್ಲ ಹೆಡರುಗಳ ಸ್ಟ್ರಕ್ಟುಗಳೂ ಆ ಒಂದು ಫೈಲಿನಲ್ಲಿ ಪ್ಯಾಕ್ ಆಗಿಬಿಡುತ್ತವೆ, ಪಕ್ಕದ ಫೈಲಿನಲ್ಲಿ ಅದೇ ಸ್ಟ್ರಕ್ಟ್ ಮಾಮೂಲಿ ಗಾತ್ರದಲ್ಲಿರುತ್ತದೆ, ಲಿಂಕರಿಗೆ ಇದು ಗೊತ್ತೇ ಆಗುವುದಿಲ್ಲ, ನೀವು ಮುಟ್ಟದೇ ಇರುವ ರೇಡಿಯೋ ಲೈಬ್ರರಿ ಹುಚ್ಚುಚ್ಚಾಗಿ ಆಡತೊಡಗುತ್ತದೆ. ಹೆಡರುಗಳ ಕ್ರಮ ಬದಲಿಸಿದರೆ ದೋಷ ಬಂದು ಹೋಗುತ್ತಿದ್ದರೆ ಮೊದಲು ಪಾಪ್ ಹುಡುಕಿ.

ಎರಡೂ ಕಡೆ ಗಾತ್ರ ಬೇರೆಯಾದರೆ ಏನು ಕಾಣುತ್ತದೆ ಗೊತ್ತಾ? ಬೋರ್ಡ್ 7 ಬೈಟ್ ಕಳಿಸಿತು. ಗೇಟ್‌ವೇ 12 ಬೈಟಿನ ಸ್ಟ್ರಕ್ಟ್ ಎಂದುಕೊಂಡು 4ನೇ ಬೈಟಿನಿಂದ ಮಳೆ ಓದಿತು. ಅಲ್ಲಿ ಇರುವುದು ಮಳೆಯ ಕೊನೆಯ ಬೈಟ್, ಅದರ ಮೇಲೆ ಬ್ಯಾಟರಿ. ಬ್ಯಾಟರಿ 3700 ಮಿಲಿವೋಲ್ಟ್ ಇದ್ದು ಮುಂದಿನ ಬೈಟ್ ಸೊನ್ನೆಯಾಗಿದ್ದರೆ ಮಳೆ 9,47,200 ಸೆಂಟ್ ಎಂದು ಬರುತ್ತದೆ. 9,472 ಇಂಚು! ತಲಕಾವೇರಿಯಲ್ಲೂ ಅಷ್ಟು ಸುರಿಯುವುದಿಲ್ಲ. ಬಂದ ಸಂಖ್ಯೆಯನ್ನು 256ರಿಂದ ಭಾಗಿಸಿ ನೋಡಿ. ಪಕ್ಕದ ಮೆಂಬರಿನ ಬೆಲೆ ಸಿಕ್ಕಿದರೆ ಅದು ಕ್ರ್ಯಾಶಿನ ವಿಷಯವಲ್ಲ, ಲೇಔಟ್ ಹೊಂದದ ವಿಷಯ.

## ಹಂತ 3: ವಾರ್ನಿಂಗ್ ತೆರೆಯಿರಿ, ಬಾಯಿ ಮುಚ್ಚಿಸಬೇಡಿ

ಜಿಸಿಸಿ 9ರಿಂದ, ಕ್ಲ್ಯಾಂಗ್ 4ರಿಂದ, ಪ್ಯಾಕ್ಡ್ ಮೆಂಬರಿನ ಅಡ್ರೆಸ್ ತೆಗೆದರೆ ಕಂಪೈಲರೇ ಎಚ್ಚರಿಸುತ್ತದೆ. ಆ ವಾರ್ನಿಂಗಿನ ಹೆಸರು ಅಡ್ರೆಸ್-ಆಫ್-ಪ್ಯಾಕ್ಡ್-ಮೆಂಬರ್, ತಾನಾಗೇ ಚಾಲೂ ಇರುತ್ತದೆ. ಆದರೆ ಬಿಲ್ಡ್ ಫೈಲ್ ತೆರೆದು ನೋಡಿದರೆ ಯಾರೋ ಅದೇ ಹೆಸರಿನ ಮುಂದೆ ನೋ ಸೇರಿಸಿ ಅದನ್ನು ಆಫ್ ಮಾಡಿರುತ್ತಾರೆ. ಅದನ್ನು ಮೊದಲು ಅಳಿಸಿ.

ಇದರ ಜೊತೆ ಕ್ಯಾಸ್ಟ್-ಅಲೈನ್ ವಾರ್ನಿಂಗನ್ನು ಸ್ಟ್ರಿಕ್ಟ್ ಎಂದು ಹಾಕಿ. ಸ್ಟ್ರಿಕ್ಟ್ ಇಲ್ಲದಿದ್ದರೆ ಇಂಟೆಲ್ ಮೇಲೆ ಅದು ಏನನ್ನೂ ಹೇಳುವುದಿಲ್ಲ. ಇಷ್ಟಾದರೂ ವಾಯ್ಡ್ ಪಾಯಿಂಟರ್ (ಯಾವ ಬಗೆಯ ಬೆಲೆ ಎಂದು ಹೇಳದ ಪಾಯಿಂಟರ್) ಮೂಲಕ ದಾಟಿಹೋದದ್ದು ಯಾವ ವಾರ್ನಿಂಗಿಗೂ ಸಿಗುವುದಿಲ್ಲ.

## ಹಂತ 4: ಬಿದ್ದ ಜಾಗ ಗುರುತಿಸಿ

ಬೋರ್ಡ್ ನಿಂತಾಗ ಪವರ್ ತೆಗೆದು ಹಾಕಬೇಡಿ. ಪ್ರೋಬ್ ಕೂಡಿಸಿ ಜಿಡಿಬಿಯಲ್ಲಿ ನೋಡಿ. ಹಾರ್ಡ್‌ಫಾಲ್ಟ್ ಆದಾಗ ಕಾರ್ಟೆಕ್ಸ್ ಎಂಟು ಪದಗಳನ್ನು ಸ್ಟ್ಯಾಕಿಗೆ ತಳ್ಳುತ್ತದೆ, ಏಳನೆಯದು ಪ್ರೋಗ್ರಾಂ ಕೌಂಟರ್, ಅಂದರೆ ಕೋಡು ಬಿದ್ದ ಜಾಗದ ಅಡ್ರೆಸ್. ಅಂದರೆ ಫಾಲ್ಟ್ ಹ್ಯಾಂಡ್ಲರಿನ ಮೊದಲ ಸಾಲಿನಲ್ಲಿ ಸ್ಟ್ಯಾಕ್ ಪಾಯಿಂಟರಿನಿಂದ 24 ಬೈಟ್ ಆಚೆ ಸಿಗುತ್ತದೆ. ಆ ಅಡ್ರೆಸನ್ನು ಇನ್ಫೋ ಲೈನ್ ಆದೇಶಕ್ಕೆ ಕೊಟ್ಟರೆ ಯಾವ ಫೈಲಿನ ಯಾವ ಸಾಲು ಎಂದು ಹೇಳುತ್ತದೆ.

ಎಂ3, ಎಂ4ರಲ್ಲಿ ಇನ್ನೊಂದು ಅನುಕೂಲ ಇದೆ, ದೋಷದ ಕಾರಣ ಬರೆದಿಡುವ ಒಂದು ರಿಜಿಸ್ಟರ್. ಸಿಎಫ್‌ಎಸ್‌ಆರ್ ರಿಜಿಸ್ಟರಿನ 24ನೇ ಬಿಟ್ 1 ಆಗಿದ್ದರೆ ಅದು ಅಲೈನ್‌ಮೆಂಟ್ ದೋಷವೇ, ವಾದ ಬೇಡ. ಎಂ0 ಪ್ಲಸ್‌ನಲ್ಲಿ ಆ ರಿಜಿಸ್ಟರೇ ಇಲ್ಲ. ಅಲ್ಲಿ ಸೂಚನೆ ನೋಡಿ. ಎಲ್‌ಡಿಆರ್ ಆಗಿದ್ದು, ಅದು ಬಳಸಿದ ಅಡ್ರೆಸ್ 4ರಿಂದ ಭಾಗವಾಗದಿದ್ದರೆ ಸಿಕ್ಕಿತು ಎಂದರ್ಥ.

## ಹಂತ 5: ತಪ್ಪಿಸಿಕೊಂಡ ಪಾಯಿಂಟರುಗಳನ್ನು ಹಿಡಿಯಿರಿ

ಎಲ್ಲರೂ ಎಡವುವ ಹಂತ ಇದು. ನಿಧಾನವಾಗಿ ಓದಿ.

ಪ್ಯಾಕ್ಡ್ ಸ್ಟ್ರಕ್ಟಿನ ಮೆಂಬರನ್ನು ಹೆಸರು ಹಿಡಿದು ಓದಿದರೆ, ಬರೆದರೆ, ತೊಂದರೆಯಿಲ್ಲ. ಅದು ಎಲ್ಲಿ ಬೇಕಾದರೂ ಇರಬಹುದು ಎಂದು ಕಂಪೈಲರಿಗೆ ಗೊತ್ತು, ಎಂ0 ಪ್ಲಸ್‌ನಲ್ಲಿ ಒಂದೊಂದೇ ಬೈಟ್ ಓದಿ ಜೋಡಿಸುವ ಕೋಡನ್ನೇ ಬರೆಯುತ್ತದೆ. ಆದರೆ ಅದೇ ಮೆಂಬರಿನ ಅಡ್ರೆಸ್ ತೆಗೆದರೆ ಸಿಗುವುದು ಮಾಮೂಲಿ 32 ಬಿಟ್ ಪಾಯಿಂಟರ್. ಪ್ಯಾಕ್ಡ್ ಎಂಬ ಮಾಹಿತಿ ಅಲ್ಲಿಗೆ ಕಳೆದುಹೋಯಿತು. ಆ ಪಾಯಿಂಟರ್ ಪಡೆದ ಫಂಕ್ಷನ್ ಅದನ್ನು ಅಲೈನ್ ಆಗಿದೆ ಎಂದೇ ನಂಬುತ್ತದೆ.

ಕೋಡಿನಲ್ಲಿ ಹುಡುಕಬೇಕಾದ ಜಾಗಗಳು ಇವು.

ಮೆಂಬರಿನ ಅಡ್ರೆಸನ್ನು ಸೆನ್ಸರ್ ಓದುವ ಫಂಕ್ಷನ್ನಿಗೆ ಕೊಡುವುದು. ಬೆಲೆಯನ್ನು ಇದರಲ್ಲೇ ತುಂಬಿಸು ಎನ್ನುವ ಮಾದರಿಯ ಎಲ್ಲ ಲೈಬ್ರರಿಗಳೂ ಇಲ್ಲಿ ಬರುತ್ತವೆ, ಎಸ್‌ಸ್ಕ್ಯಾನ್‌ಎಫ್ ಕೂಡ. ಪ್ರಿಂಟ್‌ಎಫ್‌ಗೆ ಬೆಲೆ ಕೊಡುವುದು ಸರಿ, ಅಲ್ಲಿ ಹೋಗುವುದು ನಕಲು.

ರೇಡಿಯೋದಿಂದ ಬಂದ ಬೈಟ್ ಬಫರಿನ ನಡುವಿನ ಜಾಗಕ್ಕೆ 32 ಬಿಟ್ ಪಾಯಿಂಟರ್ ಕ್ಯಾಸ್ಟ್ ಮಾಡುವುದು, ಅಂದರೆ ಅದನ್ನು 32 ಬಿಟ್ ಸಂಖ್ಯೆಯ ಅಡ್ರೆಸ್ ಎಂದು ಬಲವಂತವಾಗಿ ತಿಳಿಯುವಂತೆ ಮಾಡುವುದು. ಇದರಲ್ಲಿ ಪ್ಯಾಕ್ಡ್ ಇಲ್ಲದಿದ್ದರೂ ದೋಷ ಅದೇ.

ಪ್ಯಾಕ್ಡ್ ದಾಖಲೆಗಳ ಅರೇ. ಇದನ್ನೊಮ್ಮೆ ಲೆಕ್ಕ ಹಾಕಿ ನೋಡಿ. ಅರೇ 4ರಿಂದ ಭಾಗವಾಗುವ ಅಡ್ರೆಸಿನಲ್ಲಿ ಶುರುವಾದರೆ ಮಳೆ ಮೆಂಬರ್ ಮೊದಲ ದಾಖಲೆಯಲ್ಲಿ 1ನೇ ಬೈಟಿನಲ್ಲಿ, ಎರಡನೆಯದರಲ್ಲಿ 8ನೇ ಬೈಟಿನಲ್ಲಿ, ಮೂರನೆಯದರಲ್ಲಿ 15, ನಾಲ್ಕನೆಯದರಲ್ಲಿ 22. ನಾಲ್ಕರಲ್ಲಿ ಒಂದೇ ಒಂದು ಸರಿಯಾದ ಜಾಗದಲ್ಲಿದೆ. ಯಾರಾದರೂ ಎರಡನೇ ದಾಖಲೆ ಮಾತ್ರ ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಎಂದರೆ ನಂಬಬೇಡಿ. ಪ್ರತಿ ನಾಲ್ಕಕ್ಕೊಂದು ದಾಖಲೆ ಮಾತ್ರ ಬದುಕುತ್ತಿದೆ ಎಂದರೆ ಕಾರಣ ಇದೇ ಇರಬಹುದು.

ಮೆಮ್‌ಕಾಪಿ (ಬೈಟುಗಳನ್ನು ನಕಲು ಮಾಡುವ ಫಂಕ್ಷನ್) ಬಳಸಿದರೂ ಕೆಡಿಸುವ ಒಂದು ದಾರಿ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೈಟ್ ಪಾಯಿಂಟರನ್ನು ಮೊದಲು 32 ಬಿಟ್ ಪಾಯಿಂಟರಿಗೆ ಕ್ಯಾಸ್ಟ್ ಮಾಡಿ, ಆಮೇಲೆ ಅದನ್ನು ಮೆಮ್‌ಕಾಪಿಗೆ ಕೊಡುವುದು. ಕ್ಯಾಸ್ಟ್ ಮಾಡಿದ ಕ್ಷಣವೇ ಇದು ಅಲೈನ್ ಆಗಿದೆ ಎಂದು ನೀವು ಮಾತು ಕೊಟ್ಟ ಹಾಗೆ. ಕಂಪೈಲರ್ ಮೆಮ್‌ಕಾಪಿ ಕರೆಯನ್ನೇ ತೆಗೆದು ಒಂದು ಎಲ್‌ಡಿಆರ್ ಇಡಬಹುದು. ಮೆಮ್‌ಕಾಪಿಗೆ ಬೈಟ್ ಪಾಯಿಂಟರನ್ನೇ ಕೊಡಿ.

ಇಂಟರಪ್ಟ್ (ಬಕೆಟ್ ವಾಲಿದಾಗ ನಡುವೆ ನುಗ್ಗಿ ಓಡುವ ಕೋಡು) ಮತ್ತು ಮೇನ್ ಲೂಪ್ ಎರಡೂ ಮುಟ್ಟುವ ಕೌಂಟರನ್ನು ಪ್ಯಾಕ್ಡ್ ಸ್ಟ್ರಕ್ಟಿನಲ್ಲಿ ಇಡುವುದೂ ತಪ್ಪು. ಬೈಟ್ ಬೈಟಾಗಿ ಓದುವಾಗ ನಡುವೆ ಬಕೆಟ್ ವಾಲಿದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿದ ಸಂಖ್ಯೆ ಬರುತ್ತದೆ. ಕೌಂಟರ್ ಹೊರಗಿರಲಿ.

## ಹಂತ 6: ಸರಿಪಡಿಸಿ

ತುರ್ತಿಗೆ ಮಾಡುವ ಕೆಲಸ ಇಷ್ಟು. ಒಂದು ಲೋಕಲ್ ವೇರಿಯಬಲ್ ಮಾಡಿ, ಮೆಂಬರಿನ ಬೆಲೆ ಅದಕ್ಕೆ ಹಾಕಿ, ಫಂಕ್ಷನ್ನಿಗೆ ಲೋಕಲ್ಲಿನ ಅಡ್ರೆಸ್ ಕೊಡಿ, ವಾಪಸ್ ಬಂದ ಮೇಲೆ ಬೆಲೆಯನ್ನು ಮೆಂಬರಿಗೆ ಬರೆಯಿರಿ. ನಾಳೆಯೇ ಪೆಟ್ಟಿಗೆ ನಾಪೋಕ್ಲಿಗೆ ಹೋಗಬೇಕು ಎಂದಿದ್ದರೆ ಇದು ಸಾಕು.

ಅನ್‌ಅಲೈನ್ಡ್ ಆಕ್ಸೆಸ್ ಬೇಡ ಎಂಬ ಕಂಪೈಲರ್ ಆಯ್ಕೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಹೋಗುವುದಿಲ್ಲ. ಪ್ಯಾಕ್ಡ್ ಎಂದು ಕಂಪೈಲರಿಗೆ ಗೊತ್ತಿರುವ ಜಾಗಗಳಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ತಪ್ಪಿಸಿಕೊಂಡ ಪಾಯಿಂಟರನ್ನು ಅದು ಮುಟ್ಟುವುದಿಲ್ಲ.

ಗಟ್ಟಿ ಪರಿಹಾರ ಬೇರೆ. ಪ್ರೋಗ್ರಾಮಿನೊಳಗೆ ಮಾಮೂಲಿ ಸ್ಟ್ರಕ್ಟ್ ಇರಲಿ, ಪ್ಯಾಕ್ಡ್ ಬೇಡ. ಹೊರಗೆ ಕಳಿಸುವಾಗ ಬೈಟ್ ಅರೇಗೆ ಒಂದೊಂದಾಗಿ ಬರೆಯಿರಿ: 0ನೇ ಬೈಟಿಗೆ ನಿಲ್ದಾಣ, 1ರಿಂದ 4ಕ್ಕೆ ಮಳೆ, 5 ಮತ್ತು 6ಕ್ಕೆ ಬ್ಯಾಟರಿ. ಕಡಿಮೆ ಸ್ಥಾನಬೆಲೆಯ ಬೈಟ್ ಮೊದಲು ಎಂದು ನಿಯಮ ಮಾಡಿಕೊಳ್ಳಿ, ಎರಡೂ ಕಡೆ ಅದನ್ನೇ ಪಾಲಿಸಿ. 16 ಬಿಟ್ ಬರೆಯುವುದು, 32 ಬಿಟ್ ಬರೆಯುವುದು, ಎರಡನ್ನೂ ಓದುವುದು, ಇಷ್ಟಕ್ಕೆ ನಾಲ್ಕು ಚಿಕ್ಕ ಫಂಕ್ಷನ್ ಸಾಕು.

ಜಾಗ ಉಳಿಸಲು ಪ್ಯಾಕ್ಡ್ ಬೇಕೇ ಬೇಕು ಎನ್ನುವ ವಾದ ಇಲ್ಲಿ ಬಿದ್ದುಹೋಗುತ್ತದೆ. ಭಾರತದ ಲೋರಾವ್ಯಾನ್ (ದೂರಕ್ಕೆ ಸಣ್ಣ ಸಂದೇಶ ಕಳಿಸುವ ರೇಡಿಯೋ ಜಾಲ) 865ರಿಂದ 867 ಮೆಗಾಹರ್ಟ್ಸ್ ನಡುವೆ ನಡೆಯುತ್ತದೆ, ಅತಿ ನಿಧಾನದ ವೇಗದಲ್ಲಿ ಒಂದು ಪ್ಯಾಕೆಟಿಗೆ 51 ಬೈಟ್ ಮಾತ್ರ. ಗುಡ್ಡ ಕಣಿವೆ, ದಟ್ಟ ಮರಗಳ ನಡುವೆ ನಮಗೆ ಸಿಗುವುದು ಹೆಚ್ಚಾಗಿ ಆ ವೇಗವೇ. 12 ಬೈಟಿನ ಸ್ಟ್ರಕ್ಟ್ ಹಾಗೇ ಕಳಿಸಿದರೆ 4 ದಾಖಲೆ ಹಿಡಿಯುತ್ತದೆ, 7 ಬೈಟಾದರೆ 7 ದಾಖಲೆ. ಬೈಟ್ ಬೈಟಾಗಿ ಬರೆದರೂ ಅದೇ 7 ಬೈಟು, ಪ್ಯಾಕ್ಡ್ ಇಲ್ಲದೆಯೇ. ಪ್ಯಾಡಿಂಗಿನಲ್ಲಿರುವ ಕಸ, ಡೇಟಾ ಕೆಟ್ಟಿಲ್ಲವೇ ಎಂದು ಪರೀಕ್ಷಿಸುವ ಸಿಆರ್‌ಸಿ ಲೆಕ್ಕಕ್ಕೆ ಸೇರಿಕೊಂಡು ಒಂದೇ ದಾಖಲೆಗೆ ಬೇರೆ ಬೇರೆ ಸಿಆರ್‌ಸಿ ಬರುವ ಕಾಟವೂ ತಪ್ಪುತ್ತದೆ.

ಓದುವಾಗ ಒಂದು ಹೊಂಡ ಇದೆ. ಬೈಟನ್ನು 24 ಬಿಟ್ ಎಡಕ್ಕೆ ತಳ್ಳುವ ಮೊದಲು ಅದನ್ನು ಅನ್‌ಸೈನ್ಡ್ 32 ಬಿಟ್ಟಿಗೆ ಕ್ಯಾಸ್ಟ್ ಮಾಡಿ. ಮಾಡದಿದ್ದರೆ ಅದು ಇಂಟ್ ಆಗಿ ತಳ್ಳಲ್ಪಡುತ್ತದೆ, ಬೈಟ್ 128 ಅಥವಾ ಜಾಸ್ತಿ ಇದ್ದರೆ ಲೆಕ್ಕಕ್ಕೆ ಖಾತರಿಯಿಲ್ಲ. ಊನೋದಲ್ಲಂತೂ ಇಂಟ್ 16 ಬಿಟ್ ಮಾತ್ರ, ಮೇಲಿನ ಎರಡು ಬೈಟುಗಳನ್ನು ನಂಬುವಂತೆಯೇ ಇಲ್ಲ.

ಒಳಗಿನ ಸ್ಟ್ರಕ್ಟಿನಲ್ಲಿ ಮೆಂಬರುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮಳೆ, ಬ್ಯಾಟರಿ, ನಿಲ್ದಾಣ ಎಂದು ಬರೆದರೆ 12 ಇದ್ದದ್ದು 8 ಬೈಟಿಗೆ ಇಳಿಯುತ್ತದೆ. ಪುಕ್ಕಟೆ ಲಾಭ.

## ಹಂತ 7: ಮತ್ತೆ ಕೆಡದಂತೆ ಬೀಗ ಹಾಕಿ

ಎಲ್ಲಾದರೂ ಪ್ಯಾಕ್ಡ್ ಉಳಿಸಿಕೊಂಡರೆ ಅದರ ಪಕ್ಕದಲ್ಲೇ ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಮಾಡುವಾಗಲೇ ನಡೆಯುವ ಪರೀಕ್ಷೆ) ಬರೆಯಿರಿ: ಗಾತ್ರ 7, ಮಳೆಯ ಆಫ್‌ಸೆಟ್ 1, ಬ್ಯಾಟರಿಯ ಆಫ್‌ಸೆಟ್ 5. ಸಿ11ರಿಂದ ಇದು ಭಾಷೆಯಲ್ಲೇ ಇದೆ. ನಾಳೆ ಯಾರಾದರೂ ನಡುವೆ ಒಂದು ಮೆಂಬರ್ ತುರುಕಿದರೆ ಕಂಪೈಲ್ ಆಗುವುದೇ ಇಲ್ಲ.

ಓದುವ, ಬರೆಯುವ ಫಂಕ್ಷನ್ನುಗಳನ್ನು ಹಾರ್ಡ್‌ವೇರ್ ಕೋಡಿನಿಂದ ಬೇರೆ ಫೈಲಿಗೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಅಲೈನ್‌ಮೆಂಟ್ ಸ್ಯಾನಿಟೈಜರ್ ಸೇರಿಸಿ ಕಂಪೈಲ್ ಮಾಡಿ. ಇಂಟೆಲ್ ಸಹಿಸಿಕೊಂಡರೂ ಸ್ಯಾನಿಟೈಜರ್ ಬಿಡುವುದಿಲ್ಲ, ಯಾವ ಸಾಲಿನಲ್ಲಿ ಯಾವ ಅಡ್ರೆಸ್ ತಪ್ಪು ಎಂದು ಬರೆದು ತೋರಿಸುತ್ತದೆ. ಪರೀಕ್ಷೆ ಬಫರನ್ನು 0ರಿಂದ ಮಾತ್ರ ಕೊಡಬೇಡಿ. 0, 1, 2, 3 ಬೈಟ್ ಸರಿಸಿ ನಾಲ್ಕು ಸಲ ಕೊಡಿ. ಆಪ್ಟಿಮೈಸೇಶನ್ ಇಲ್ಲದೆ ಒಮ್ಮೆ, ಓ2ನಲ್ಲಿ ಒಮ್ಮೆ.

ಇನ್ನು ಎಚ್ಚರಿಕೆಯ ಲಕ್ಷಣಗಳು. ಇವುಗಳಲ್ಲಿ ಯಾವುದೇ ಕಂಡರೂ ಹಂತ 4ಕ್ಕೆ ವಾಪಸ್ ಹೋಗಿ:

- ಓ2 ಹಾಕಿದರೆ ಮಾತ್ರ ಸಾಯುತ್ತದೆ
- ಒಂದು ಪ್ರಿಂಟ್ ಸೇರಿಸಿದರೆ ಸರಿಹೋಗುತ್ತದೆ
- ಸಂಬಂಧವೇ ಇಲ್ಲದ ಒಂದು ಬೈಟಿನ ವೇರಿಯಬಲ್ ಸೇರಿಸಿದ ಮೇಲೆ ಶುರುವಾಯಿತು
- ನಿಲ್ದಾಣದ ಹೆಸರಿನ ಉದ್ದ ಬದಲಾದರೆ ಸಾಯುತ್ತದೆ, ಮಡಿಕೇರಿ ಎಂದರೆ ಸರಿ, ಸುಂಟಿಕೊಪ್ಪ ಎಂದರೆ ಇಲ್ಲ

ಕೊನೆಯದಾಗಿ, ಫ್ಲ್ಯಾಶಿನಲ್ಲಿ ಉಳಿಸಿದ ಹಳೆಯ ದಾಖಲೆಗಳನ್ನು ಮರೆಯಬೇಡಿ. ಲೇಔಟ್ ಬದಲಾಯಿಸಿ ಹೊಸ ಫರ್ಮ್‌ವೇರ್ ಹಾಕಿದಾಗ ಹಳೆಯ 12 ಬೈಟಿನ ದಾಖಲೆಗಳು ಇನ್ನೂ ಅಲ್ಲೇ ಇರುತ್ತವೆ, ಹೊಸ ಕೋಡು ಅವನ್ನು 7 ಬೈಟಿನ ಲೆಕ್ಕದಲ್ಲಿ ಓದುತ್ತದೆ. ಪ್ರತಿ ಫೈಲ್ ಅಥವಾ ಬ್ಲಾಕಿನ ಮೊದಲ ಬೈಟಿನಲ್ಲಿ ಆವೃತ್ತಿ ಸಂಖ್ಯೆ ಇಡಿ, ಹೊಂದದಿದ್ದರೆ ಓದಲು ಹೋಗದೆ ಪಕ್ಕಕ್ಕಿಡಿ. ಹಳೆಯ ಪೆಟ್ಟಿಗೆಗಳನ್ನು ಕಂಬದಿಂದ ಇಳಿಸುವ ಮೊದಲು ಅದರಲ್ಲಿರುವ ಡೇಟಾ ತೆಗೆದುಕೊಂಡು ಆಮೇಲೆ ಫ್ಲ್ಯಾಶ್ ಅಳಿಸಿ.